ಕಮೋಡಿನ ‘ಬಾಯಿ’ಗೆ ಕನ್ನಡದಲ್ಲಿ ಏನನ್ನೋಣ? ‘ತೂಬು’ ಆದೀತೇ?

ಎಲ್ಲರಿಗೂ ನಮಸ್ಕಾರ.

ಮುಂಬಯಿಯ ಮುಲುಂಡದಲ್ಲಿರುವ ನಮ್ಮ ಮನೆಯಲ್ಲಿ ಹಳೆಯ ಕಮೋಡು ತೆಗೆಸಿ ಹೊಸದು ಕೂಡಿಸುವ ಕೆಲಸ ಹೋದ ವಾರ ಮುಗಿಯಿತು. ಎರಡು ದಿನದ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಕಮೋಡಿನ ನೀರು ಹೊರಗೆ ಹೋಗುವ ತೂತಿಗೆ ನಮ್ಮ ಬಾಯಲ್ಲಿ ಸರಿಯಾದ ಒಂದು ಪದ ಇರಲಿಲ್ಲ, ಅದೇ ಕಾರಣ. ಆ ಪದ ಕೇಳಲಿಕ್ಕೇ ಈ ಪತ್ರ.

ಗೌಂಡಿ ಬಂದು ಹಳೆಯ ಕಮೋಡು ಕಿತ್ತಿಟ್ಟ ದಿನ ನಾನು ಪುಣೆಯಲ್ಲಿದ್ದೆ. ಭಾವನಿಗೆ ಫೋನು ಹಚ್ಚಿ, ‘ತೂತು ಎಷ್ಟು ಇಂಚದ ಅಳದು ಅಂಗಡಿಯಾಂವಗ ಹೇಳ್ರಿ’ ಅಂದೆ. ಭಾವ ಟೇಪು ಹಿಡಿದು ತೂತಿನ ಅಗಲ ಅಳೆದರು, ನಾಲ್ಕು ಇಂಚು. ಅಂಗಡಿಯಲ್ಲಿ ‘ನಾಲ್ಕು ಇಂಚಿಂದು’ ಕೇಳಿದರು, ಕೊಟ್ಟರು. ಆದರೆ ಕಮೋಡಿನ ವ್ಯಾಪಾರದಲ್ಲಿ ನಾಲ್ಕು ಇಂಚಿಂದು, ಒಂಬತ್ತು ಇಂಚಿಂದು, ಹನ್ನೆರಡು ಇಂಚಿಂದು ಅನ್ನುವ ಲೆಕ್ಕವೇ ಬೇರೆ. ಹಿಂದಿನ ಗೋಡೆಯಿಂದ ತೂತಿನ ನಟ್ಟನಡುವಿಗೆ ಎಷ್ಟು ದೂರ ಅನ್ನುವುದು ಆ ಅಂಕೆ. ನಮ್ಮದು ಗೋಡೆಯಿಂದ ಹನ್ನೆರಡು ಇಂಚು ದೂರ ಇತ್ತು. ತಂದದ್ದನ್ನು ಇಟ್ಟು ನೋಡಿದರೆ ಬೆನ್ನ ಹಿಂದೆ ಎಂಟು ಇಂಚು ಖಾಲಿ, ಮುಂದೆ ಬಾಗಿಲು ಕಮೋಡಿಗೆ ಬಡಿದು ಅರ್ಧಕ್ಕೇ ನಿಂತಿತು. ಅಂಗಡಿಯವರು ಬದಲಿಸಿಕೊಟ್ಟರು, ಆದರೆ ಹನ್ನೆರಡರದ್ದು ಬರಲು ವಾರ ಹಿಡಿಯಿತು. ಎಂಬತ್ತು ದಾಟಿದ ಅಪ್ಪ ಅಷ್ಟು ದಿನ ಎದುರು ಮನೆಗೆ ಹೋಗಿಬರಬೇಕಾಯಿತು. ಇದರಲ್ಲಿ ಭಾವನ ತಪ್ಪು ಏನೂ ಇಲ್ಲ. ತೂತು ಎಷ್ಟು ಇಂಚು ಎಂದು ಕೇಳಿದರೆ ಯಾರಾದರೂ ಅಗಲವನ್ನೇ ಅಳೆಯುತ್ತಾರೆ.

ತೂತನ್ನೇ ಹಿಂದಕ್ಕೆ ಸರಿಸಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ನಮ್ಮದು ಹಳೆಯ ಕಟ್ಟಡ. ಬೀಡಿನ ಪೈಪು ನಮ್ಮ ಸ್ಲ್ಯಾಬಿನ ಕೆಳಗೆ, ಕೆಳಗಿನ ಮನೆಯವರ ಮಾಳಿಗೆಗೆ ಅಂಟಿಕೊಂಡು ಹೋಗಿದೆ. ಅದನ್ನು ಕದಲಿಸಬೇಕೆಂದರೆ ಅವರ ಮನೆ ಒಡೆಯಬೇಕು, ಸೊಸೈಟಿಯ ಒಪ್ಪಿಗೆ ತರಬೇಕು.

ಗೌಂಡಿ ಆಳಂದದ ಕಡೆಯವನು. ಹೊಸ ಕಮೋಡನ್ನು ಬೋರಲು ಹಾಕಿ, ತಳಕ್ಕೆ ಕೈ ಆಡಿಸಿ, ‘ಇದರ ಬಾಯಿ ನೆಲಕ್ಕ ಐತ್ರಿ. ಬಾಯಿ ಗ್ವಾಡಿಗೆ ಇರೋದು ಬ್ಯಾರೆ ಬರ್ತೈತಿ’ ಅಂದ. ಅಂಗಡಿಯ ಭಾಷೆಯಲ್ಲಿ ಮೊದಲನೆಯದು ಎಸ್ ಟ್ರ್ಯಾಪ್, ಎರಡನೆಯದು ಪಿ ಟ್ರ್ಯಾಪ್. ಇಂಗ್ಲಿಷ್ ಅಕ್ಷರದ ಆಕಾರ ನೋಡಿ ಇಟ್ಟ ಹೆಸರುಗಳು. ಕನ್ನಡ ಅಕ್ಷರ ಮಾತ್ರ ಬಲ್ಲವರಿಗೆ ಆ ಆಕಾರ ಕಣ್ಣಿಗೆ ಬರುವುದೇ ಇಲ್ಲ. ಗೌಂಡಿಯ ‘ಬಾಯಿ’ ಕೇಳಿದ ಕೂಡಲೇ ಅರ್ಥವಾಯಿತು. ಒಂದೇ ತೊಡಕೆಂದರೆ, ನಾವು ಕೂಡುವ ಮೇಲಿನ ಭಾಗವೂ ಬಾಯಿಯೇ.

ನನಗೆ ಹೊಳೆದ ಪದ ತೂಬು. ಹಳಗನ್ನಡದಲ್ಲಿ ತೂಂಬು. ಕೆರೆಯ ಏರಿಯ ಬುಡದಲ್ಲಿ ನೀರು ಹೊರಗೆ ಬಿಡುವ ಕಂಡಿ. ತಮಿಳಿನಲ್ಲೂ ತೂಂಬು ಇದೆ, ಅಲ್ಲಿ ಬಿದಿರಿನ ಕೊಳವೆ ಎಂಬ ಅರ್ಥವೂ ಉಂಟು. ಅಂದರೆ ಪದದ ಜೀವ ಇರುವುದು ಕೊಳವೆಯಲ್ಲಿ, ಒಳಗಿನ ನೀರು ಹೊರಗೆ ಹೋಗುವ ದಾರಿಯಲ್ಲಿ. ಕಮೋಡಿಗೂ ಅದೇ ಬೇಕಾದದ್ದು. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆಗುವ ಹಾಗೆ ನೆಲದೂಬು, ಗೋಡೆದೂಬು ಎಂದರೆ ಎಸ್ ಮತ್ತು ಪಿ ಎರಡರ ಕೆಲಸವೂ ಮುಗಿಯಿತು. ‘ತೂಬಿನ ಅಗಲ’, ‘ತೂಬಿನ ದೂರ’ ಎಂದು ಬೇರೆ ಬೇರೆ ಕೇಳಿದ್ದರೆ ಭಾವ ಎರಡನ್ನೂ ಅಳೆದು ಹೇಳುತ್ತಿದ್ದರು. ಗೋಡೆದೂಬಿಗಾದರೆ ‘ತೂಬಿನ ಎತ್ತರ’ ಅನ್ನಬೇಕು, ಅಲ್ಲಿ ನೆಲದಿಂದ ಮೇಲಕ್ಕೆ ಅಳೆಯುತ್ತಾರೆ, ಸುಮಾರು ಏಳು ಇಂಚು ಇರುತ್ತದೆ. ಎರಡು ಕಡೆಯೂ ಟೈಲ್ಸ್ ಕೂಡಿಸಿದ ಮೇಲಿನ ಮೈಯಿಂದಲೇ ಅಳೆಯಬೇಕು, ಬರಿಗೋಡೆಯಿಂದ ಅಲ್ಲ. ಹಳೆಯ ಟೈಲ್ಸ್ ಮೇಲೆ ಹೊಸದು ಹಚ್ಚಿದರೆ ಅರ್ಧ ಇಂಚಾದರೂ ಅದರಲ್ಲೇ ಹೋಗುತ್ತದೆ. ಫ್ಲಶ್ ಟ್ಯಾಂಕಿನಲ್ಲಿ ಹೆಚ್ಚಾದ ನೀರು ಹರಿದುಹೋಗಲು ನಿಲ್ಲಿಸಿರುವ ಸಣ್ಣ ನಳಿಗೆಗೂ ಕೆರೆಯ ಮಾತು ಸಿದ್ಧವಾಗಿದೆ, ಕೋಡಿ.

ಆದರೆ ನಮ್ಮ ಅವ್ವ ಒಪ್ಪಲಿಲ್ಲ. ‘ಕೆರಿಗೆ ಬಾಗಿನಾ ಕೊಡೂ ಮಂದಿ ನಾವು. ಕೆರೀ ಮಾತು ಒಯ್ದು ಸಂಡಾಸಕ್ಕ ಹಚ್ಚತಿಯೇನ?’ ಅಂದಳು. ಆ ಮಾತಿನಲ್ಲಿ ತೂಕ ಇದೆ. ಅಚ್ಚುಕಟ್ಟಿನ ಊರುಗಳಲ್ಲಿ ತೂಬು ಎತ್ತುವುದೆಂದರೆ ಬೆಳೆಗೆ ನೀರು ಬಿಡುವುದು. ಅಂಥ ಪದವನ್ನು ಇಲ್ಲಿಗೆ ತಂದರೆ ರೈತರ ಮನಸ್ಸಿಗೆ ನೋವಾದೀತೇ? ಕೆರೆ ಬಯಲಿನಲ್ಲಿ ಬೆಳೆದವರು ದಯವಿಟ್ಟು ಹೇಳಬೇಕು.

ಬೇರೆ ದಾರಿಗಳನ್ನೂ ನೋಡಿದೆ. ಬಚ್ಚಲು ಎಂದರೆ ಕೆಲವು ಕಡೆ ಸ್ನಾನದ ಮನೆ, ಕೆಲವು ಕಡೆ ಬಳಸಿದ ನೀರು ಹೋಗುವ ಕಾಲುವೆ. ಮೋರಿ ನಮ್ಮ ಊರುಗಳಲ್ಲಿ ರಸ್ತೆಯ ಕೆಳಗಿನದ್ದು, ಇಲ್ಲಿ ಮರಾಠಿಯವರ ಮನೆಯಲ್ಲಿ ಪಾತ್ರೆ ತೊಳೆಯುವ ಮೂಲೆ. ಮುಂಬಯಿಯಲ್ಲಿ ಕುಳಿತು ‘ಮೋರಿ ಕಟ್ಟಿಕೊಂಡಿದೆ’ ಎಂದರೆ ಕೇಳಿದವರು ಅಡುಗೆಮನೆಗೆ ನಡೆದಾರು. ಸ್ನಾನದ ಮನೆಯ ಜಾಲರಿಯ ಕೆಳಗೆ ಕೂಡಿಸುವುದನ್ನು ಪ್ಲಂಬರುಗಳು ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ಮರಾಠಿಯ ‘ನ್ಹಾಣಿ’, ಅಂದರೆ ಸ್ನಾನದ ಜಾಗ, ಹಾಗೇ ಉಳಿದಿದೆ. ಮರಾಠಿ ಇಷ್ಟು ಸಲೀಸಾಗಿ ಸಾಮಾನಿನ ಅಂಗಡಿಗೆ ಇಳಿದಿರುವಾಗ ಕನ್ನಡಕ್ಕೂ ಅದು ಸಾಧ್ಯ ಎಂಬ ಆಸೆ ನನ್ನದು.

ಇನ್ನು ಟ್ರ್ಯಾಪ್. ಇದನ್ನು ಬೋನು, ಬಲೆ ಎಂದು ತಿರುಗಿಸಿದರೆ ಕೆಟ್ಟಿತು, ಅದು ಏನನ್ನೂ ಹಿಡಿಯುವುದಿಲ್ಲ. ಕೊಳವೆಯನ್ನು ಬಾಗಿಸಿ ಎರಡು ಇಂಚಿನಷ್ಟು ನೀರು ಅಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಆ ನೀರೇ ಕೆಳಗಿನ ನಾತ ಮೇಲೆ ಬಾರದಂತೆ ತಡೆಯುವುದು. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಈ ಬಾಗಿಗೆ ಪೇಟೆಂಟು ಪಡೆದ. ಮೇ ತಿಂಗಳಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದಾಗ ಬಚ್ಚಲಮನೆ ನಾರುವುದು ಆ ನೀರು ಆರಿಹೋದದ್ದಕ್ಕೇ, ಒಂದು ಕೊಡ ನೀರು ಸುರಿದರೆ ವಾಸನೆ ನಿಲ್ಲುತ್ತದೆ. ಹೊಳೆ ಬತ್ತಿದರೂ ನೀರು ನಿಂತಿರುವ ಜಾಗಕ್ಕೆ ನಾವು ಮಡು ಅನ್ನುತ್ತೇವೆ. ಹಾಗಾಗಿ ಇದಕ್ಕೆ ‘ಮಡುಗೊಳವೆ’ ಎಂದರೆ ಹೇಗೆ? ‘ನೀರ್ದಡೆ’ ಎಂದೂ ಯೋಚಿಸಿದ್ದೆ, ಆದರೆ ಅದು ನೀರನ್ನೇ ತಡೆಯುವುದು ಎಂದು ಕೇಳಿಸುತ್ತದೆ. ಮಡುಗೊಳವೆಯೇ ನನಗೆ ಹಿಡಿಸಿದ್ದು.

ಕೊನೆಯ ದಿನ ಗೌಂಡಿ ಬಿಳಿ ಸಿಮೆಂಟು ಒರೆಸುತ್ತಿದ್ದಾಗ ‘ನಿಮ್ಮ ಕಡೆ ಇದಕ್ಕ ಏನಂತಾರಪ್ಪ?’ ಎಂದು ಕೇಳಿದೆ. ‘ನಮ್ಮೂರಾಗ ಇದು ಬಂದದ್ದೇ ಮೊನ್ನೆರೀ, ಹೆಸರು ಇನ್ನಾ ಇಟ್ಟಿಲ್ಲ’ ಅಂದ.

ಕರಾವಳಿಯಲ್ಲಿ, ಹಳೇ ಮೈಸೂರಿನ ಕಡೆ, ಕಟ್ಟಡದ ಕೆಲಸದವರ ಬಾಯಲ್ಲಿ ತೂಬಿಗೆ ಬದಲು ಬೇರೆ ಮಾತು ಇದ್ದರೆ ಬರೆಯಿರಿ. ಅವ್ವನೂ ಒಪ್ಪುವಂಥದ್ದಿದ್ದರೆ ಅದನ್ನು ಮೊದಲು ತಿಳಿಸಿ.