ವ್ಯಾಪಾರಿಗಳ ಗ್ರೂಪಿನಲ್ಲಿ ಪ್ರಶ್ನೋತ್ತರ: ಸಣ್ಣ ವ್ಯಾಪಾರಕ್ಕೆ ಲಯಬಿಲಿಟಿ ವಿಮೆ ಬೇಕಾ?

ಟೈಲರಿಂಗ್ ಅಂಗಡಿ: ಮೇಡಂ, ನಮ್ಮದು ಚಿಕ್ಕ ಅಂಗಡಿ. ಪಾಲಿಸಿ ಬೇಕೇ ಬೇಕಾ?

ವಿಮಾ ಸಲಹೆಗಾರರು: ನಿಮ್ಮಿಂದ ಹೊರಗಿನವರಿಗೆ ಗಾಯವೋ ನಷ್ಟವೋ ಆಗಿ ಅವರು ಪರಿಹಾರ ಕೇಳಿದ್ರೆ ಅದಕ್ಕೆ ಆಗೋದೇ ಲಯಬಿಲಿಟಿ ವಿಮೆ. ಚಿಕ್ಕದು, ದೊಡ್ಡದು ಅನ್ನೋದು ಲೆಕ್ಕಕ್ಕಿಲ್ಲ. ಹೊರಗಿನವರು ನಿಮ್ಮ ಜಾಗಕ್ಕೆ ಬರ್ತಾರಾ, ನೀವು ಅವರ ಜಾಗದಲ್ಲಿ ಕೆಲಸ ಮಾಡ್ತೀರಾ, ನಿಮ್ಮ ಮಾಲಿಂದ ಯಾರಿಗಾದ್ರೂ ಪೆಟ್ಟಾಗಬಹುದಾ? ಒಂದಕ್ಕೆ ಹೌದು ಅಂದ್ರೂ ಕೊಟೇಶನ್ ತರಿಸಿ. ಆದ್ರೆ ಗಿರಾಕಿ ಕೊಟ್ಟ ಬಟ್ಟೆ ಇಸ್ತ್ರಿಯಲ್ಲಿ ಸುಟ್ರೆ ಸಾಮಾನ್ಯವಾಗಿ ಇದರಲ್ಲಿ ಬರಲ್ಲ. ನಿಮ್ಮ ವಶದಲ್ಲಿರೋ ವಸ್ತುವಿಗೆ ಬೇರೆ ಕವರ್ ಕೇಳಬೇಕು.

ಬೇಕರಿ: ಕೆಲಸದ ಹುಡುಗನಿಗೆ ಗಾಯವಾದ್ರೆ?

ವಿಮಾ ಸಲಹೆಗಾರರು: ಇದರಲ್ಲಿಲ್ಲ. ಕಾರ್ಮಿಕರ ಪರಿಹಾರ ವಿಮೆ ಬೇರೆ.

ಪ್ಲಂಬಿಂಗ್ ಕಾಂಟ್ರಾಕ್ಟರ್: 3 ತಿಂಗಳ ಹಿಂದೆ ಹಾಕಿದ ಪೈಪಿನ ಜಾಯಿಂಟ್ ಬಿಟ್ಟು ಕೆಳಗಿನ ಮನೆಯ ಸೀಲಿಂಗ್, ಮರದ ನೆಲ ಹಾಳಾಗಿದೆ. ಕೆಲಸ ಮಾಡಿದ್ದು ಸಬ್ ಕಾಂಟ್ರಾಕ್ಟರ್. ನಮ್ಮ ಪಾಲಿಸಿ ಹೋದ ತಿಂಗಳು ಮುಗೀತು.

ವಿಮಾ ಸಲಹೆಗಾರರು: ಇದು ತಲೆಬಿಸಿಯ ಕೇಸು. ಮೊದಲು ಪಾಲಿಸಿ 'ಅಕರೆನ್ಸ್' ಬಗೆಯದ್ದೋ 'ಕ್ಲೇಮ್ಸ್ ಮೇಡ್' ಬಗೆಯದ್ದೋ ನೋಡಿ. ಅಕರೆನ್ಸ್ ಆದ್ರೆ ಹಾನಿ ಯಾವಾಗ ಆಯ್ತು ಅನ್ನೋದೇ ಮುಖ್ಯ. ಪಾಲಿಸಿ ಇದ್ದಾಗಲೇ ಸೋರ್ತಿತ್ತು ಅನ್ನೋದಕ್ಕೆ ಬೂಷ್ಟು, ನೀರಿನ ಕಲೆ, ಉಬ್ಬಿದ ಹಲಗೆ ಸಾಕ್ಷಿ ಇದ್ರೆ ದಾರಿ ಇದೆ. ಕ್ಲೇಮ್ಸ್ ಮೇಡ್ ಆದ್ರೆ ಅವಧಿಯೊಳಗೇ ಕ್ಲೇಮ್ ಬಂದಿರಬೇಕು. ಮುಗಿದ ಮೇಲೂ ವರದಿ ಮಾಡೋಕೆ ಹೆಚ್ಚುವರಿ ಅವಧಿ ಕೊಟ್ಟಿದ್ದಾರಾ ಹುಡುಕಿ. ಯಾವುದಾದ್ರೂ ಸರಿ, 'ಮುಗಿದ ಕೆಲಸ'ಕ್ಕೆ, ಅಂದ್ರೆ ಕೆಲಸ ಮುಗಿಸಿ ಬಂದ ಮೇಲೆ ಅದರಿಂದ ಆಗೋ ಹಾನಿಗೆ, ಕವರ್ ಇರಲೇಬೇಕು. ಜಾಯಿಂಟ್ ಮತ್ತೆ ಮಾಡೋ ಖರ್ಚು ಸಾಮಾನ್ಯವಾಗಿ ನಿಮ್ಮದೇ, ಕ್ಲೇಮ್ ಏನಿದ್ರೂ ಸೀಲಿಂಗ್ ಮತ್ತು ನೆಲದ್ದು. ಸಬ್ ಕಾಂಟ್ರಾಕ್ಟರ್ ಪಾಲಿಸಿಯಲ್ಲಿ ನಿಮ್ಮನ್ನು 'ಅಡಿಷನಲ್ ಇನ್ಶೂರ್ಡ್' ಅಂತ, ಅಂದ್ರೆ ಅವರ ಪಾಲಿಸಿಯ ರಕ್ಷಣೆ ನಿಮಗೂ ಸಿಗೋ ಹಾಗೆ, ಸೇರಿಸಿದ್ದಾರಾ? ಇಬ್ಬರ ವಿಮಾ ಕಂಪನಿಗೂ ಇವತ್ತೇ ಬರಹದಲ್ಲಿ ತಿಳಿಸಿ. ಬಿಚ್ಚಿದ ಫಿಟ್ಟಿಂಗ್ ಎತ್ತಿಡಿ. "ತಪ್ಪು ನಮ್ದೇ, ದುಡ್ಡು ಕೊಡ್ತೀವಿ" ಅಂತ ವಾಟ್ಸಾಪಲ್ಲಿ ಹಾಕಬೇಡಿ.

ಮೊಬೈಲ್ ರಿಪೇರಿ: ಫಾರ್ವರ್ಡ್ ಬಂದಿದೆ. "ಅಪಘಾತಕ್ಕೆ ನಾವು ಹೊಣೆಯಲ್ಲ ಅಂತ ಬೋರ್ಡ್ ಹಾಕಿ, ವಿಮೆ ದುಡ್ಡು ಉಳಿಸಿ." ನಿಜಾನಾ?

ವಿಮಾ ಸಲಹೆಗಾರರು: ಬೋರ್ಡ್ ಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ಕಳಚಿಕೊಳ್ಳಲ್ಲ. ಕೇಸ್ ಬಿದ್ರೆ ವಕೀಲರ ಫೀಸು ಬೋರ್ಡ್ ಕಟ್ಟುತ್ತಾ? ಇಂಥದ್ದನ್ನು ಇಲ್ಲಿ ಹಾಕಬೇಡಿ.

ಜಿಮ್: ಕಂಪನಿ ರಿಜಿಸ್ಟರ್ ಮಾಡಿಸಿದ್ರೆ ಸಾಕಪ್ಪಾ, ಮನೆ ಆಸ್ತಿ ಸೇಫ್.

ಮರಗೆಲಸ: ಕಂಪನಿ ದುಡ್ಡು ಹೋದ್ರೆ ಪರವಾಗಿಲ್ವಾ ಸ್ವಾಮಿ? ನಿಮ್ಮ ಕೈಯಿಂದಲೇ ಎಡವಟ್ಟಾದ್ರೆ ನಿಮ್ಮ ಮೇಲೂ ಕೇಸ್ ಹಾಕಬಹುದು.

ಜಿಮ್: ಏಜೆಂಟರಿಗೆ ಹೆದರಿಸೋದೇ ಕಸುಬು.

ಮರಗೆಲಸ: ನಾನು ಬಡಗಿ ಕಣ್ರೀ. ಹೆಸರು ಓದಿ ಮಾತಾಡಿ.

ಫೋಟೋ ಸ್ಟುಡಿಯೋ: ವಕೀಲರ ಖರ್ಚು ಪಾಲಿಸಿ ಮಿತಿಯೊಳಗಾ, ಹೊರಗಾ?

ಸಲೂನ್: ನಮ್ಮ ಕೆಲಸದವಳು ಜಾರಿ ಬಿದ್ರೆ ಸಿಗುತ್ತಾ?

ವಿಮಾ ಸಲಹೆಗಾರರು: ಬೇಕರಿಯವರಿಗೆ ಹೇಳಿದ್ದೇ. ಮೇಲೆ ನೋಡಿ.

ಜಿಮ್: ಕೇಳಿದ್ರೆ ಸಿಡುಕ್ತಾರೆ, ಇದಕ್ಕೊಂದು ಗ್ರೂಪು.

ಪ್ಲಂಬಿಂಗ್ ಕಾಂಟ್ರಾಕ್ಟರ್: ಮೇಡಂ, ಹಳೆ ಫಿಟ್ಟಿಂಗ್ ಗುಜರಿಗೆ ಹೋಗಿದೆ...

ವಿಮಾ ಸಲಹೆಗಾರರು: ಈಗಲೇ ಹೋಗಿ ಹುಡುಕಿಸಿ. ಸಿಗದಿದ್ರೆ ಯಾರು, ಯಾವತ್ತು ಗುಜರಿಗೆ ಹಾಕಿದ್ರು ಅಂತ ಬರೆದಿಡಿ. ಗೋಡೆಯೊಳಗೆ ಉಳಿದ ತುಂಡು ಮುಟ್ಟಬೇಡಿ, ಹಾನಿ ಪರಿಶೀಲಿಸೋ ಸರ್ವೇಯರ್ ನೋಡಲಿ.