ಸಹಾಯ ಬೇಕು: ಲಂಬಾಣಿ ಕಾರ್ಯಕ್ರಮಕ್ಕ ಕೇಳುಗರ ಲೆಕ್ಕ ತೋರ್ಸೋದು ಹೆಂಗ?

ನಮಸ್ಕಾರ್ರಿ. ವಿಜಯಪುರ ಕಡೆ ಒಂದು ಸಮುದಾಯ ರೇಡಿಯೋದಾಗ ಕೆಲಸ ಮಾಡ್ತೀನಿ. ಗುರುವಾರ ಸಂಜೆ ಅರ್ಧ ತಾಸು ಲಂಬಾಣಿ ಭಾಷೆ ಕಾರ್ಯಕ್ರಮ ಐತಿ. ತಾಂಡಾದ ಅಜ್ಜಿಗೋಳು ಬಂದು ಹಾಡ್ತಾರ. ಬಳಿ ಸದ್ದು ಮೈಕಿನಾಗ ಬರ್ತೈತಂತ ಮೊದಲ ಕೈಗೆ ಬಟ್ಟಿ ಸುತ್ತಿಸ್ತಿದ್ವಿ, ಈಗ ಆ ಸದ್ದನ್ನ ಹಂಗ ಬಿಟ್ಟೀವಿ.

ತೊಂದ್ರಿ ಏನಂದ್ರ, ದೀಪಾವಳಿ ಮುಗೀತಂದ್ರ ತಾಂಡಾ ಅರ್ಧ ಖಾಲಿ. ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ ಹೋಗ್ತಾರ. ನಮ್ಮ ರೇಡಿಯೋ ಪ್ರಸಾರದ ಶಕ್ತಿ 100 ವ್ಯಾಟ್, ಹತ್ತು-ಹದಿನೈದು ಕಿ.ಮೀ. ದಾಟಂಗಿಲ್ಲ. ಫೋನ್ ಬರೋದ ನಿಂತಾವ. "ಕೇಳೋರ ಇಲ್ಲ, ಜಾಹೀರಾತು ಯಾಕ್ರಿ?" ಅಂತಾನ ಗೊಬ್ಬರದ ಅಂಗಡಿಯಂವ. 2024ರಿಂದ ತಾಸಿಗೆ 12 ನಿಮಿಷ ಜಾಹೀರಾತಿಗೆ ಅವಕಾಶ ಐತಿ, ನಮಗ ಎರಡು ನಿಮಿಷನೂ ತುಂಬವಲ್ದು. ಸಿನಿಮಾ ಹಾಡು ಹಾಕ್ರಿ ಅಂತಾರ, ಅದಕ್ಕ ಲೈಸೆನ್ಸ್ ಖರ್ಚು ಬ್ಯಾರೆ.

ರೆಕಾರ್ಡಿಂಗ್ ವಾಟ್ಸ್ಆ್ಯಪ್‌ನಾಗ ಕಳಿಸಿ ನೋಡಿದ್ವಿ. ಕಬ್ಬಿನ ಹೊಲದಾಗಿಂದ ಧ್ವನಿ ಸಂದೇಶ ಬಂದ್ವು, ಹಿಂದ ಕಬ್ಬು ಕಡಿಯೋ ಕೊಯ್ತದ (ಕತ್ತಿ) ಸದ್ದು! ಆದ್ರ ಅಂಗಡಿಯವ್ರು ಅದನ್ನ ಲೆಕ್ಕಕ್ಕ ಹಿಡಿಯವಲ್ರು.

ಇಂಥ ಸಣ್ಣ ಭಾಷೆ ಕಾರ್ಯಕ್ರಮ ನಡೆಸೋರು ಇದ್ರ ಹೇಳ್ರಿ: ಕೇಳುಗರ ಲೆಕ್ಕ ಪ್ರಾಯೋಜಕರಿಗೆ ಹೆಂಗ ತೋರಸ್ತೀರಿ? ವಲಸೆ ಹೋದ ವಾಟ್ಸ್ಆ್ಯಪ್ ಕೇಳುಗರನ್ನೂ ಅದರಾಗ ಸೇರಸ್ತೀರೇನು?