‘ಅಂತರ ಬೇಸಾಯ’ ಎಂದರೆ ಕುಂಟೆ ಹೊಡೆಯುವುದೋ, ಬೆಳೆ ಬೆಳೆಯುವುದೋ?

ಗೆಳೆಯರೇ,

ಮುಂಗಾರು ಬೆಳೆಗಳ ಸಲಹಾ ಪತ್ರಗಳನ್ನೂ ರೈತರ ತರಬೇತಿಗೆ ಕೊಡುವ ಕೈಪಿಡಿಗಳನ್ನೂ ಅಚ್ಚಿಗೆ ಹೋಗುವ ಮೊದಲು ಓದಿ ತಿದ್ದುವ ಕೆಲಸ ನನ್ನದು. ಅವುಗಳಲ್ಲಿ ಮತ್ತೆ ಮತ್ತೆ ಎದುರಾಗುವ ‘ಅಂತರ ಬೇಸಾಯ’ ಎಂಬ ಪದದ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ.

ಕೃಷಿ ವಿಶ್ವವಿದ್ಯಾಲಯಗಳ ಬರಹದಲ್ಲಿ ಇದರ ಅರ್ಥ ಖಚಿತ: ಬೆಳೆ ನಿಂತಿರುವಾಗಲೇ ಸಾಲುಗಳ ನಡುವೆ ಕುಂಟೆ (ಎತ್ತು ಎಳೆಯುವ, ಅಲಗುಳ್ಳ ಉಪಕರಣ) ಹಾಯಿಸಿ ಕಳೆ ತೆಗೆಯುವುದು, ಮೇಲ್ಮಣ್ಣನ್ನು ಸಡಿಲಿಸಿ ತೇವ ಉಳಿಸುವುದು. ‘ಅಂತರ ಬೆಳೆ’ಯೇ ಬೇರೆ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕುವಂಥದ್ದು. ಇವೆರಡೂ ಸಾಲದೆಂಬಂತೆ, ‘ಸಾಲಿನಿಂದ ಸಾಲಿಗೆ 30 ಸೆಂ.ಮೀ. ಅಂತರ’ ಎಂಬ ಮೂರನೆಯ ಅಂತರವೂ ಅದೇ ಪುಟದಲ್ಲಿ ಬಂದು ಕೂರುತ್ತದೆ. ಹೊಲದವರ ಬಾಯಲ್ಲಿ ‘ಬೇಸಾಯ’ ಎಂದರೆ ಬೆಳೆ ತೆಗೆಯುವ ಇಡೀ ಕಸುಬು. ಹೀಗಾಗಿ ‘ಅಂತರ ಬೇಸಾಯ’ ಎಂದೊಡನೆ ನಡುವೆ ಇನ್ನೊಂದು ಬೆಳೆ ಹಾಕುವುದೆಂದೇ ಕಿವಿಗೆ ಕೇಳಿಸುತ್ತದೆ. ತರಬೇತಿಗೆ ಬಂದವರಲ್ಲಿ ಹಲವರು ಹಾಗೆಯೇ ತಿಳಿದುಕೊಂಡದ್ದನ್ನು ನಾನು ಕಂಡಿದ್ದೇನೆ. ತಪ್ಪು ಅವರದಲ್ಲ.

ಇದರಿಂದ ನಷ್ಟವೂ ಉಂಟು. ಶೇಂಗಾವನ್ನೇ ನೋಡಿ. ಹೂವು ಉದುರಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಕೆಳಮುಖವಾಗಿ ಬೆಳೆದು ಮಣ್ಣಿನೊಳಕ್ಕೆ ಇಳಿಯುತ್ತದೆ. ಕಾಯಿ ಕಟ್ಟುವುದು ಅದರ ತುದಿಯಲ್ಲಿ. ಆ ಹೊತ್ತಿನಲ್ಲಿ ಕುಂಟೆಯ ಅಲಗು ಹಾಯ್ದರೆ ಎಳೆ ಕಿತ್ತುಬರುತ್ತದೆ, ಕಾಯಿ ಅಲ್ಲಿಗೇ ಮುಗಿಯಿತು. ಅದಕ್ಕೇ ‘ಬಿತ್ತಿದ 45 ದಿನಗಳ ನಂತರ ಅಂತರ ಬೇಸಾಯ ಮಾಡಬಾರದು’ ಎಂದು ಪತ್ರದಲ್ಲಿ ಬರೆಯುತ್ತಾರೆ. ಇದನ್ನು ಅಂತರ ಬೆಳೆಯ ಮಾತೆಂದು ಓದಿದವರು, ಒಂದೂವರೆ ತಿಂಗಳ ಬೆಳೆಯ ನಡುವೆ ಯಾರು ತಾನೇ ಬಿತ್ತುತ್ತಾರೆ ಎಂದುಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. ಚಳ್ಳಕೆರೆ, ಪಾವಗಡದ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ವರ್ಷಕ್ಕೆ ಸಿಗುವುದು ಅದೊಂದೇ ಬೆಳೆ. ಅಂಥವರಿಗೆ ಮುಟ್ಟಬೇಕಾದ ಎಚ್ಚರಿಕೆ ಒಂದು ಪದದ ದೆಸೆಯಿಂದ ಮುಟ್ಟದೆ ಹೋಗುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಸಾಲುಗಳ ನಡುವೆ ಕುಂಟೆ ಹಾಯಿಸುವ ಈ ಕೆಲಸಕ್ಕೆ ರೈತರಲ್ಲಿ ಮಾತಿಲ್ಲವೆಂದಲ್ಲ. ‘ಎಡೆಕುಂಟೆ’ ಎಂಬ ಉಪಕರಣವಿದೆ, ‘ಎಡೆ ಹೊಡೆಯುವುದು’ ಎಂಬ ಕ್ರಿಯೆ ಇದೆ. ಎಡೆ ಎಂದರೂ ನಡುವಿನ ಜಾಗವೇ. ‘ಎಡೆಬಿಡದೆ ಮಳೆ ಸುರಿಯಿತು’ ಎನ್ನುವಾಗಲೂ ಇರುವುದು ಆ ಪದವೇ. ಅಂತರ ಬೆಳೆಗೆ ಹಳೆಯ ಮೈಸೂರಿನ ರಾಗಿ ಸೀಮೆಯಲ್ಲಿ ‘ಅಕ್ಕಡಿ’ ಎಂಬ ಹೆಸರಿದೆ. ಸಲಹಾ ಪತ್ರದಲ್ಲಿ ‘45 ದಿನಗಳಾದ ಮೇಲೆ ಎಡೆ ಹೊಡೆಯಬೇಡಿ, ಕಳೆಯನ್ನು ಕೈಯಿಂದಲೇ ಕೀಳಿ’ ಎಂದು ಬರೆದರೆ ಗೊಂದಲಕ್ಕೆ ಎಡೆಯೆಲ್ಲಿ?

ಎಡೆ ಎಂದರೆ ದೇವರ ಮುಂದೆ ಇಡುವ ಎಡೆಯಲ್ಲವೇ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ಎಡೆ ಇಡುವುದು ಬೇರೆ, ಎಡೆ ಹೊಡೆಯುವುದು ಬೇರೆ. ಜೊತೆಗಿರುವ ಕ್ರಿಯಾಪದವೇ ಅರ್ಥವನ್ನು ಬಿಡಿಸಿ ಹೇಳುತ್ತದೆ. ‘ಹರಗುವುದು’ ಸಾಕು ಎಂದವರೂ ಇದ್ದಾರೆ. ಆದರೆ ಬಿತ್ತುವ ಮೊದಲು ಬರಿಯ ಹೊಲಕ್ಕೆ ಕುಂಟೆ ಹೊಡೆಯುವುದಕ್ಕೂ ಆ ಮಾತು ಬಳಕೆಯಲ್ಲಿದೆ. ನಿಂತ ಬೆಳೆಯ ಕೆಲಸಕ್ಕೆ ಅದೊಂದನ್ನೇ ನೆಚ್ಚಿಕೊಳ್ಳಲು ನನಗೆ ಅಳುಕು.

ಬಲ್ಲವರು ದಯವಿಟ್ಟು ತಿಳಿಸಿ. ‘ಎಡೆ ಹೊಡೆಯುವುದು’ ಕೋಲಾರ, ಮಂಡ್ಯ, ಚಾಮರಾಜನಗರದ ಕಡೆ ಬಳಕೆಯಲ್ಲಿದೆಯೇ, ಅಥವಾ ಅಲ್ಲಿ ಬರಿಯ ‘ಕುಂಟೆ ಹೊಡೆಯುವುದು’ ಎನ್ನುತ್ತಾರೆಯೇ? ಕಲಬುರಗಿ, ಬೀದರಿನ ತೊಗರಿ ಹೊಲಗಳಲ್ಲಿ ಅಕ್ಕಡಿಗೆ ಏನೆನ್ನುತ್ತಾರೆ? ಎತ್ತಿನ ಬದಲು ಕಳೆ ತೆಗೆಯುವ ಯಂತ್ರ (ಪವರ್ ವೀಡರ್) ಬಂದ ಊರುಗಳಲ್ಲಿ ಅದೇ ಮಾತು ಉಳಿದಿದೆಯೇ? ಊರಿನ ಹೆಸರನ್ನೂ, ಆ ಪದ ಬರುವ ಒಂದು ಪೂರ್ತಿ ವಾಕ್ಯವನ್ನೂ ಬರೆದರೆ ಮುಂದಿನ ಕೈಪಿಡಿಯಲ್ಲಿ ಆಯಾ ಸೀಮೆಯ ಮಾತನ್ನೇ ಸೇರಿಸುತ್ತೇನೆ.